ಫ್ಲೋರಿಯಾನನ ಜ್ವರ

"ಇಬ್ಬರಲ್ಲಿ ಯಾರು ಹೆಚ್ಚು ಕೆಟ್ಟೋನು ಅಜ್ಜಿ? ನೀವಿಬ್ರೂ ಆ ಕಾಲ ಕಂಡೋರಲ್ವಾ?" ಎಂದಳು ಗೆರ್ಡಾ. ಇಟಲಿಯ ಉತ್ತರದಂಚಿನಲ್ಲಿ, ಜರ್ಮನ್ ಮಾತಾಡುವವರ ಕಣಿವೆಯಲ್ಲಿರುವ ಬ್ರಿಕ್ಸೆನ್ನಿನ ಶಾಲೆಯಲ್ಲಿ ಪ್ರಬಂಧ ಕೊಟ್ಟಿದ್ದರು. ಅವಳ ನೋಟ್‌ಬುಕ್ಕಿನ ನಡುವೆ ಒಂದು ಗೆರೆ. ಎಡಕ್ಕೆ ಮುಸೊಲಿನಿ, ಬಲಕ್ಕೆ ಹಿಟ್ಲರ್. ಏರಿದ ಬಗೆ, ಆಳಿದ ಬಗೆ.

ನೋಟ್‌ಬುರ್ಗಾ ಹಳೇ ಬ್ರೆಡ್ಡಿಗೆ ಹಾಲು ಕಲಸಿ ಉಂಡೆ ಕಟ್ಟುತ್ತಿದ್ದಳು. "ಏರಿದ್ದೆಲ್ಲಿ ಬಂತು? ಇವನನ್ನ ರಾಜ ಕರೆದು ಕೂರಿಸ್ದ, ಅವನನ್ನ ಅಧ್ಯಕ್ಷ ಕರೆದು ಕೂರಿಸ್ದ. ನಾವು ಹೇಳ್ದಂಗೆ ಕೇಳ್ತಾನೆ ಅಂತ ದೊಡ್ಡೋರು ನಂಬ್ಕೊಂಡ್ರು. ಬರ್ಕೋ."

"ಆಳಿದ್ದು?"

"ಮುಸೊಲಿನಿ ನಮ್ಮ ಬಾಯಿಂದ ಜರ್ಮನ್ ಕಿತ್ಕೊಂಡ. ಕೊಟ್ಟಿಗೆಯಲ್ಲಿ ಕದ್ದು ಅಕ್ಷರ ಕಲಿತ್ವಿ. ಇನ್ನೊಬ್ಬನ ವಿಷಯ ನಿನ್ನ ಚಿಕ್ಕಜ್ಜೀನ ಕೇಳು. ಅವನ ಮಡಿಲಿಗೇ ಹೋಗಿ ಬಂದೋಳು ಅವಳು."

ಕಿಟಕಿಯ ಬಳಿ ಈರುಳ್ಳಿ ಹೆಚ್ಚುತ್ತಿದ್ದ ತಂಗಿ ಫಿಲೊಮೆನಾ ತಲೆ ಎತ್ತಲಿಲ್ಲ. ಈ ಚುಚ್ಚುಮಾತು ಅವಳಿಗೆ ಹೊಸದಲ್ಲ. ಇಲ್ಲೇ ಇದ್ದು ಇಟಲಿಯವರಾಗಿ, ಇಲ್ಲವೇ ಗಡಿ ದಾಟಿ ಜರ್ಮನರಾಗಿ ಎಂದು ಮುಸೊಲಿನಿ, ಹಿಟ್ಲರ್ ಇಬ್ಬರೂ ಸೇರಿ 1939ರಲ್ಲಿ ಕಣಿವೆಯ ಜನರನ್ನು ಕೇಳಿದ್ದರು. ಅಪ್ಪ ಫಿಲೊಮೆನಾಳನ್ನೂ ಮಾತು ಬಾರದ ತಮ್ಮ ಫ್ಲೋರಿಯಾನನನ್ನೂ ಕರೆದುಕೊಂಡು ಹೊರಟ. ಆಗಲೇ ಮದುವೆಯಾಗಿದ್ದ ನೋಟ್‌ಬುರ್ಗಾ ಉಳಿದಳು. ಯುದ್ಧ ಮುಗಿದ ಮೇಲೆ ಮರಳಿದ್ದು ಫಿಲೊಮೆನಾ ಒಬ್ಬಳೇ. ಅಪ್ಪ ಬಾಂಬಿಗೆ ಹೋದ, ಫ್ಲೋರಿಯಾನ್ ಜ್ವರಕ್ಕೆ ಹೋದ ಎಂದಿದ್ದಳು. ಮೂವತ್ತು ವರ್ಷಗಳಿಂದ ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ.

"ಅವನು ಹೇಗೆ ಆಳ್ದ ಚಿಕ್ಕಜ್ಜಿ?"

ಫಿಲೊಮೆನಾ ಚಾಕು ಕೆಳಗಿಟ್ಟಳು.

"ಫಾರಂ ಕಳಿಸಿ ಆಳ್ದ, ಮಗಳೇ. ಮನೇಲಿ ಕೈಲಾಗದೋರು ಯಾರಿದ್ದಾರೆ ಅಂತ ಕೇಳಿದ್ರು. ಅಪ್ಪನ ಕಣ್ಣು ಮಂಜಾಗಿತ್ತು, ನಾನೇ ತುಂಬಿದೆ. ಏನೋ ಔಷಧ ಕೊಡ್ತಾರೆ ಅಂದ್ಕೊಂಡೆ. ಬೂದು ಬಣ್ಣದ ಬಸ್ಸು ಬಂತು. ಬಸ್ಸು ಅಂದ್ರೆ ಫ್ಲೋರಿಯಾನನಿಗೆ ಪ್ರಾಣ. ಓಡ್ಹೋಗಿ ಮುಂದಿನ ಸೀಟಲ್ಲೇ ಕೂತ. ಮೂರು ವಾರಕ್ಕೆ ಕಾಗದ ಬಂತು, ಜ್ವರ ಅಂತ."

ಉಂಡೆ ಹಿಡಿದಿದ್ದ ನೋಟ್‌ಬುರ್ಗಾಳ ಕೈ ನಿಂತಿತು. "ಜ್ವರ ಅಲ್ವಾ?"

"ಅಲ್ಲ ಅಕ್ಕಾ. ಆ ಬಸ್ಸಲ್ಲಿ ಹೋದ ಹನ್ನೊಂದು ಜನರ ಮನೆಗೂ ಅಂಥದ್ದೇ ಕಾಗದ ಬಂತು. ಕೈಲಾಗದೋರನ್ನ ಕರ್ಕೊಂಡ್ಹೋಗಿ ಕೊಲ್ತಿದ್ರು. ನಿಂಗೆ ಹೇಗೆ ಹೇಳ್ಲಿ? ಬರೆದುಕೊಟ್ಟ ಕೈ ನಂದೇ."

ಗೆರ್ಡಾ ಮೆಲ್ಲನೆ ನೋಟ್‌ಬುಕ್ ಮುಚ್ಚಿದಳು. ನೋಟ್‌ಬುರ್ಗಾಳ ಬಾಯಿಗೆ ತಾನು ಇಷ್ಟು ವರ್ಷ ಆಡಿದ್ದೆಲ್ಲ ಒಟ್ಟಿಗೆ ಬಂದು ಕಹಿಯಾಯಿತು. ಎದ್ದು ಹೋಗಿ ತಂಗಿಯ ಪಕ್ಕದಲ್ಲಿ ಕುಳಿತಳು.

"ನಾನಿದ್ದಿದ್ರೂ ತುಂಬ್ತಿದ್ದೆ ಮೆನಾ. ಔಷಧ ಅಂದ್ರೆ ಬೇಡ ಅಂತಿದ್ನಾ ನಾನು?"

ಫಿಲೊಮೆನಾ ಅತ್ತಳು. ಅಕ್ಕ ಈರುಳ್ಳಿಯ ಹಲಗೆಯನ್ನು ಅತ್ತ ಸರಿಸಿ ಅವಳ ಬೆನ್ನು ಸವರುತ್ತ ಕುಳಿತಳು.

ಸೋಮವಾರ ಇಬ್ಬರೂ ಕಲ್ಲುಕೆತ್ತುವವನ ಬಳಿ ಹೋದರು. ಅಮ್ಮನ ಸಮಾಧಿಯ ಕಲ್ಲಿನಲ್ಲಿ ತಮ್ಮನ ಹೆಸರಿಗೂ ಜಾಗವಿತ್ತು.

"ತೀರಿಕೊಂಡ ದಿನ?" ಎಂದು ಅವನು ಕೇಳಿದ.

"ಅದು ಬೇಡ, ಕಾಗದದಲ್ಲಿರೋ ದಿನಾನ ನಂಬೋಕಾಗಲ್ಲ. ಹುಟ್ಟಿದ ದಿನ ಬರಿ, ಸಾಕು," ಎಂದಳು ಫಿಲೊಮೆನಾ.

ಅವನು ಸೀಮೆಸುಣ್ಣದಲ್ಲಿ ಹೆಸರು ಗುರುತು ಹಾಕಿದ. ನೋಟ್‌ಬುರ್ಗಾ ತಂಗಿಯ ತೋಳು ಹಿಡಿದು ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.