ಮೊದಲ ಚುಕ್ಕಿ ಇಡುವವಳು

ಬಿಳೇಕಹಳ್ಳಿಯ ಮುನಿಲಕ್ಷ್ಮಮ್ಮನವರಿಗೆ ಸೋಲು ಹೊಸದಲ್ಲ, ಆದರೆ ಅದನ್ನು ಅವರು ಯಾವತ್ತೂ ಒಪ್ಪಿಕೊಂಡವರಲ್ಲ. ಸಂಕ್ರಾಂತಿಯ ಬೆಳಿಗ್ಗೆ ಬಡಾವಣೆಯ ಸಂಘದವರು ರಸ್ತೆಯಲ್ಲಿ ನಡೆಸುವ ರಂಗೋಲಿ ಸ್ಪರ್ಧೆಯಲ್ಲಿ ವರ್ಷ ವರ್ಷವೂ ಮೊದಲ ಬಹುಮಾನ ಎದುರು ಮನೆಯ ಜಯದೇವಿಗೆ, ಎರಡನೆಯದು ಇವರಿಗೆ. ಒಂದು ಸಲ ತೀರ್ಪುಗಾರರ ಕಣ್ಣು ಸರಿ ಇರಲಿಲ್ಲ. ಇನ್ನೊಂದು ಸಲ ಇವರ ಮೂಲೆಯಲ್ಲೇ ಬೀದಿನಾಯಿ ಓಡಾಡಿತು. ಮತ್ತೊಂದು ಸಲ ಬಿಸಿಲು ಬೇಕೆಂದೇ ಜಯದೇವಿಯ ಬಣ್ಣದ ಮೇಲೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜಯದೇವಿ ಬೀದಿಯೆಲ್ಲ ಹೇಳಿಕೊಂಡು ಬಂದ ಮೇಲೆ ಮುನಿಲಕ್ಷ್ಮಮ್ಮ ಕಾರಣ ಹೇಳುವುದನ್ನು ಬಿಟ್ಟರು. ಸಿಟ್ಟನ್ನು ಬಿಡಲಿಲ್ಲ.

ಈ ವರ್ಷ ಆ ಸಿಟ್ಟಿಗೆ ಅವಸರ ಸೇರಿಕೊಂಡಿತ್ತು. ಮಂಡಿಗಳೆರಡೂ ಸವೆದಿವೆ, ಆಪರೇಷನ್ ಮಾಡಲೇಬೇಕು ಎಂದು ಜಯನಗರದ ಡಾಕ್ಟರು ಫೋಟೋ ತೋರಿಸಿ ಹೇಳಿದ್ದರು. ಮಗ ದೀಪಕ್ ಎಷ್ಟು ಗೋಗರೆದರೂ ಮುನಿಲಕ್ಷ್ಮಮ್ಮ ಜಗ್ಗಲಿಲ್ಲ. ಕತ್ತಿ ಹಾಕಿಸಿಕೊಳ್ಳುವ ಮಾತೇ ಬೇಡ, ಮಂಡಿ ನಡೆಸಿದಷ್ಟು ದಿನ ನಡೆಯುವುದು, ಆಮೇಲೆ ಕುರ್ಚಿಯಲ್ಲಿ ಕೂರುವುದು ಎಂದು ತೀರ್ಮಾನ ಕೊಟ್ಟುಬಿಟ್ಟರು. ಆದರೆ ಕುರ್ಚಿಗೆ ಬೀಳುವ ಮುಂಚೆ ಒಂದೇ ಒಂದು ಸಲ ಜಯದೇವಿಯನ್ನು ಎರಡನೆಯ ಜಾಗದಲ್ಲಿ ನಿಲ್ಲಿಸಬೇಕು. ಇದೇ ಕೊನೆಯ ಸಂಕ್ರಾಂತಿ. ಗೆದ್ದರೆ ಈಗ, ಇಲ್ಲದಿದ್ದರೆ ಇಲ್ಲ.

ಹೇಗೆ ಗೆಲ್ಲುವುದು ಎನ್ನುವುದಕ್ಕೆ ದಾರಿ ತೋರಿಸಿದ್ದು ಟೀವಿಯ ಬೊಂಬೆಗಳು. ಹಾಗೆಂದರೆ ನಗಬೇಡಿ.

ಮಹಡಿಯ ಬಾಡಿಗೆ ಮನೆಯಲ್ಲಿ ಪ್ರಿಯಾಂಕಾ ಎಂಬ ಬಾಗಲಕೋಟೆಯ ಹುಡುಗಿ ಇದ್ದಳು. ಬಿಟಿಎಂ ಬಡಾವಣೆಯಲ್ಲಿ ಆಫೀಸು. ಸಂಜೆ ದೀಪ ಹಚ್ಚುವ ಹೊತ್ತಿಗೆ ರೊಟ್ಟಿ ಚಟ್ನಿಪುಡಿಯ ತಟ್ಟೆ ಹಿಡಿದು ಕೆಳಗಿಳಿದು ಬಂದು, ದೀಪಕ್ ತಂದಿಟ್ಟಿದ್ದ ದೊಡ್ಡ ಟೀವಿಯಲ್ಲಿ ‘ಏಳು ಕಣಿವೆ’ ಎಂಬ ಆನಿಮೇಷನ್ ಸರಣಿ ಹಾಕಿಕೊಳ್ಳುತ್ತಿದ್ದಳು. ಯಾವುದೋ ದೇಶದ್ದು, ಕನ್ನಡದಲ್ಲಿ ಮಾತು ಕೂಡಿಸಿದ್ದರು. ಮದುವೆ ವಯಸ್ಸಿಗೆ ಬಂದವಳು ಮಕ್ಕಳ ಆಟ ನೋಡುತ್ತೀಯಲ್ಲ ಎಂದು ಮೊದಲ ವಾರ ಮುನಿಲಕ್ಷ್ಮಮ್ಮ ಬೈದರು. ಎರಡನೆಯ ವಾರ ಅವರೆಕಾಯಿ ಬಿಡಿಸುವ ನೆಪದಲ್ಲಿ ಪಕ್ಕದಲ್ಲಿ ಕೂತರು. ಮೂರನೆಯ ವಾರದ ಹೊತ್ತಿಗೆ ಪ್ರಿಯಾಂಕಾ ಬರುವುದು ತಡವಾದರೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದವರು ಅವರೇ.

ಸರಣಿಯಲ್ಲಿ ಇಬ್ಬರು ದಂಡನಾಯಕರು. ಚಂಡವೇಗನಿಗೆ ಕೆಂಪು ಮುಂಡಾಸು, ಬಿಳಿ ಕುದುರೆ. ಯುದ್ಧ ಎಂದರೆ ಮೊದಲ ಪೆಟ್ಟು ಅವನದೇ. ಮೌನಕೇತುವಿಗೆ ಬೂದು ಬಣ್ಣದ ಕಂಬಳಿ, ತೆಳ್ಳನೆಯ ಮೀಸೆ. ಅವನು ಕೈ ಕಟ್ಟಿಕೊಂಡು ಕಾಯುತ್ತಾನೆ. ಮುನಿಲಕ್ಷ್ಮಮ್ಮ ಚಂಡವೇಗನ ಪಕ್ಷ ಎಂದು ಬೇರೆ ಹೇಳಬೇಕಿಲ್ಲ. ಸೇತುವೆಯ ಕಾಳಗದಲ್ಲಿ ಅವನು ಹೊಳೆ ದಾಟಿದ ಮೇಲೆ ತನ್ನವರು ಯಾರೂ ಹಿಂದಕ್ಕೆ ಓಡಬಾರದೆಂದು ಸೇತುವೆಗೇ ಬೆಂಕಿ ಇಟ್ಟಾಗ, ಅವರೆಕಾಳಿನ ಮೊರ ಮಡಿಲಿಂದ ಜಾರಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

“ಗಂಡು ಅಂದ್ರೆ ಇವ್ನು ಕಣೇ. ಅವ್ನು ನೋಡು, ಬಾವಿಕಟ್ಟೆ ಮೇಲೆ ಕೂತಂಗೆ ಕೂತವ್ನೆ.”

“ಕೂತು ಗೆಲ್ಲತಾನಲ್ರೀ ಆಂಟಿ,” ಎಂದಳು ಪ್ರಿಯಾಂಕಾ. ಅವಳು ಮೌನಕೇತುವಿನ ಕಡೆ. “ಸೇತುವೆ ಸುಟ್ಟು ಹಾರಾಡಿದ ನಿಮ್ಮ ಚಂಡಗ ವಾಪಸ್ ಹೋಗಿ ಕಾಳು ತರಾಕ ದಾರಿನ ಉಳಿಲಿಲ್ಲ. ಉಪ್ಪಿನ ಬಯಲಿನ್ಯಾಗ ಏನಾತು? ಚಂಡ ಉದ್ದನ ಈಟಿ ತಂದ. ಮೌನಿ ಅದನ್ನ ನೋಡಿಕೊಂಡು, ಅದಕಿಂತ ಒಂದು ಗೇಣು ಉದ್ದನ ಈಟಿ ಮಾಡಿಸಿದ.”

ಮುನಿಲಕ್ಷ್ಮಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ನೋಡಿಕೊಂಡು, ಅದಕ್ಕಿಂತ ಒಂದು ಗೇಣು ಉದ್ದ. ಇದನ್ನು ತಾನು ಎಲ್ಲಿ ಕಂಡಿದ್ದೇನೆ ಎಂದು ಹುಡುಕುವ ಕಷ್ಟವೇ ಇರಲಿಲ್ಲ, ಎದುರು ಮನೆಯಲ್ಲೇ ಕಂಡಿದ್ದರು. ಸೀಟಿ ಊದಿದ ಕೂಡಲೇ ಇವರು ಚುಕ್ಕಿ ಇಡಲು ಶುರು ಮಾಡುತ್ತಾರೆ. ಜಯದೇವಿ ಬಣ್ಣದ ತಟ್ಟೆ ಜೋಡಿಸುತ್ತ, ಸೆರಗು ಸರಿಮಾಡುತ್ತ, ನೀರು ಕುಡಿಯುತ್ತ ಕೂರುತ್ತಾಳೆ. ಇವರು ಎಂಟು ದಳದ ತಾವರೆ ಬರೆದರೆ ಆಮೇಲೆ ಅವಳದು ಹದಿನಾರು ದಳ. ಇವರು ಜೋಡಿ ಕಬ್ಬು ನಿಲ್ಲಿಸಿದರೆ ಅವಳದು ಕಬ್ಬಿನ ತೋಟವೇ.

“ಆ ಮೌನಿ ಸೋತಿದ್ದೇ ಇಲ್ವಾ?” ಎಂದು ಕೇಳಿದರು.

“ಮಂಜಿನ ಕಣಿವ್ಯಾಗ ಸೋತಾನ್ರಿ. ಅವತ್ತು ಚಂಡ ಜ್ವರ ಬಂದು ಮಲಗಿದ್ದ, ಬರಲೇ ಇಲ್ಲ. ಮೌನಿ ಕಾದ, ಕಾದ, ಏನು ಮಾಡಬೇಕಂತ ತಿಳೀಲಾರದ ದಂಡು ಚದುರಿ ಹೋತು. ನಾ ಅವನ ಕಡೇದಾಕಿನ, ಖರೇ ಹೇಳತೀನಿ, ತನ್ನದು ಅಂತ ಒಂದು ಲೆಕ್ಕಾಚಾರ ಅವನ ಹತ್ತಿರ ಇಲ್ರಿ. ಎದುರಿನಾಂವ ಹೆಜ್ಜಿ ಇಟ್ಟರ ಇವನಿಗೆ ದಾರಿ ಕಾಣತೈತಿ.”

ಅವತ್ತು ಮುನಿಲಕ್ಷ್ಮಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತರು. ಉಪಾಯ ಕೂಡಿಬಂದಿತ್ತು. ತಾನು ಚುಕ್ಕಿ ಇಟ್ಟರೆ ತಾನೇ ಅವಳಿಗೆ ದಾರಿ? ಇಡುವುದೇ ಬೇಡ. ಸಮಯ ಮುಗಿಯುತ್ತ ಬರುವವರೆಗೆ ಕೈ ಕಟ್ಟಿ ಕೂತು, ಕೊನೆಗೆ ಒಂದು ಚಿಕ್ಕ ಚೊಕ್ಕ ರಂಗೋಲಿ ಎಳೆದು ಎದ್ದುಬಿಡುವುದು. ಅದನ್ನು ನೋಡಿ ಹಿಗ್ಗಿಸುವುದಕ್ಕೆ ಅವಳಿಗೆ ಹೊತ್ತೇ ಇರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಂಕ್ರಾಂತಿ ಬಂತು. ರಸ್ತೆಯನ್ನು ಗುಡಿಸಿ ನೀರು ಹಾಕಿ, ಸೀಮೆಸುಣ್ಣದಲ್ಲಿ ಚೌಕ ಬರೆದಿದ್ದರು. ಚಿತ್ರಕಲೆಯ ಮೇಷ್ಟರು ಭಾರ್ಗವ ಎಂಬವರು ತೀರ್ಪುಗಾರರು. ಅವರು ಸೀಟಿ ಊದಿದ್ದೇ ತಡ ಹೆಂಗಸರೆಲ್ಲ ಬಗ್ಗಿದರು. ಮುನಿಲಕ್ಷ್ಮಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತರು. ಎದುರಿನ ಚೌಕದ ಹಿಂದೆ ಜಯದೇವಿ ಬಣ್ಣದ ತಟ್ಟೆ ಜೋಡಿಸಿದಳು, ಸೆರಗು ಸರಿಮಾಡಿದಳು, ನೀರು ಕುಡಿದಳು. ತಲೆ ಎತ್ತಿ ಇತ್ತ ನೋಡಿದಳು. ಚೌಕ ಖಾಲಿ. ಮತ್ತೆ ತಟ್ಟೆ ಜೋಡಿಸಿದಳು.

ಬಿಸಿಲು ಏರಿತು. ಅಕ್ಕಪಕ್ಕದ ಚೌಕಗಳಲ್ಲಿ ಕಬ್ಬು, ಮಡಕೆ, ಹಸು ಎಲ್ಲ ಮೂಡಿದವು. ಈ ಎರಡು ಚೌಕಗಳಲ್ಲಿ ಬರೀ ಡಾಂಬರು. ದೀಪಕ್ ಬಂದು ಕಿವಿಯಲ್ಲಿ, “ಅಮ್ಮಾ, ಮಂಡಿ ನೋವಾ? ಆಗಲ್ಲ ಅಂದ್ರೆ ಮನೆಗೆ ಹೋಗೋಣ,” ಎಂದ. ಮುನಿಲಕ್ಷ್ಮಮ್ಮ ಒಂದು ನೋಟ ಬೀರಿದರು, ಅವನು ಹೋಗಿ ಕಬ್ಬಿನ ಕಂತೆಯ ಹತ್ತಿರ ನಿಂತ. ಭಾರ್ಗವ ಮೇಷ್ಟರು ಬಂದು ಆರೋಗ್ಯ ವಿಚಾರಿಸಿದರು. ಆರೋಗ್ಯವಾಗಿದ್ದೇನೆ ಎಂದರು. ಎದುರಿನವಳನ್ನೂ ವಿಚಾರಿಸಿದರು, ಅವಳೂ ಆರೋಗ್ಯವಾಗಿದ್ದಳು.

ಕೊನೆಗೆ ತಡೆಯಲಾಗದೆ ಬಾಯಿ ಬಿಟ್ಟವಳು ಜಯದೇವಿ.

“ಏನೇ ಮುನಿಲಕ್ಷ್ಮಿ, ಆ ಮೌನಕೇತು ಥರ ಕಂಬಳಿ ಹೊದ್ಕೊಂಡು ಕೂತ್ಬಿಟ್ಟಿದೀಯ?”

ಮುನಿಲಕ್ಷ್ಮಮ್ಮ ಬೆಚ್ಚಿದರು. “ನೀನೂ ನೋಡ್ತೀಯ ಅದನ್ನ?”

“ಯಾಕೆ, ನಿಮ್ಮನೇಲಿ ಮಾತ್ರ ಬರತ್ತಾ ಅದು? ಸೊಸೆ ಹಾಕ್ಕೊಡ್ತಾಳೆ. ನಾನು ಚಂಡವೇಗನ ಪಾರ್ಟಿ.”

ಇದು ಮುನಿಲಕ್ಷ್ಮಮ್ಮನಿಗೆ ಸೋಲಿಗಿಂತ ದೊಡ್ಡ ಅನ್ಯಾಯವಾಗಿ ಕಂಡಿತು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. “ನೀನಾ? ಚಂಡನ ಕಡೆ? ವರ್ಷ ವರ್ಷ ನಾನ್ ಏನ್ ಬಿಡ್ತೀನೋ ನೋಡ್ಕೊಂಡು ಆಮೇಲೆ ಒಂದು ಗೇಣು ಜಾಸ್ತಿ ಬಿಡೋಳು ನೀನು. ನೀನ್ ಮೌನಿ ಕಣೇ. ಉಪ್ಪಿನ ಬಯಲಲ್ಲಿ ಈಟಿ ಅಳತೆ ಕದ್ದಂಗೆ.”

“ಅಳತೆ ಕದಿಯೋದು ಯುದ್ಧದಲ್ಲಿ ತಪ್ಪಾ? ಆದ್ರೂ ಮೌನಿಗೆ ಏನಂತ ಮರ್ಯಾದೆ ಕೊಡೋದು ಹೇಳು. ಸೇತುವೆ ಹತ್ರ ಅವನು ಹಿಂದೆ ಸರಿದಿದ್ದು ಜಾಣತನ ಅಂತಾರೆ ಎಲ್ಲಾರೂ. ಜಾಣತನ ಅಲ್ಲ, ಪುಕ್ಕಲು. ಚಂಡನಿಗೂ ಭಯ ಇರತ್ತೆ, ನೀನು ಅವನ ಕೈ ನೋಡಿಲ್ವಾ, ಲಗಾಮು ಹಿಡಿದಾಗ ನಡುಗತ್ತೆ. ನಡುಗ್ತಾನೇ ಮೊದ್ಲು ನುಗ್ತಾನಲ್ಲ, ಅದಕ್ಕೆ ಅವನು ನಂಗಿಷ್ಟ.”

ಸುತ್ತಲಿನ ಹೆಂಗಸರು ರಂಗೋಲಿ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳತೊಡಗಿದರು. ಚಂಡನ ಕೈ ನಡುಗುವುದನ್ನು ಮುನಿಲಕ್ಷ್ಮಮ್ಮ ನೋಡಿದ್ದರು. ನೋಡಿಯೂ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಸೀಟಿ ಊದುವ ಮುಂಚೆ ಅವರ ಕೈಯೂ ಹಾಗೇ ನಡುಗುತ್ತಿತ್ತು.

“ಅಷ್ಟು ಇಷ್ಟ ಇದ್ರೆ ನೀನ್ಯಾಕೆ ಮೊದ್ಲು ನುಗ್ಗಲ್ಲ?” ಎಂದರು. “ಬಿಡು ನೋಡಣ. ಚೌಕ ಖಾಲಿ ಐತಲ್ಲ.”

ಜಯದೇವಿ ಬಗ್ಗಿ ಒಂದು ಹಿಡಿ ಪುಡಿ ತೆಗೆದುಕೊಂಡಳು. ಕೈ ಚೌಕದ ಮೇಲೆ ನಿಂತಿತು. ಪುಡಿ ಬೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದನ್ನು ತಟ್ಟೆಗೇ ಹಾಕಿ, ಬೇರೆ ಯಾರಿಗೂ ಕೇಳದಷ್ಟು ಹತ್ತಿರ ಬಂದು ಹೇಳಿದಳು.

“ನಿಂದು ನೋಡ್ದೆ ನಂಗೆ ಕೈ ಓಡಲ್ಲ ಕಣೇ. ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ.”

ಮುನಿಲಕ್ಷ್ಮಮ್ಮ ಅವಳ ಮುಖ ನೋಡಿದರು. ಅದರಲ್ಲಿ ನಾಟಕ ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಆ ಮನೆಗೆ ಹೋದ ಬಹುಮಾನದ ಕುಕ್ಕರು, ಮಿಕ್ಸಿ, ಸ್ಟೀಲಿನ ಡಬ್ಬಗಳೆಲ್ಲ ತನ್ನ ಚುಕ್ಕಿಯಿಂದ ಹುಟ್ಟಿದವು. ಎದೆ ಉಬ್ಬಿತು, ಬೀದಿಗೆಲ್ಲ ಕೇಳುವಂತೆ ಹೇಳಬೇಕೆನಿಸಿತು. ಈಗ ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತರೆ ಸಾಕು. ಪ್ರಿಯಾಂಕಾ ಹೇಳಿದ ಮಂಜಿನ ಕಣಿವೆ ಇದೇ, ಎದುರಿನ ದಂಡು ತಾನಾಗಿ ಚದುರುತ್ತದೆ. ಕೊನೆಯ ಗಳಿಗೆಯಲ್ಲಿ ನಾಲ್ಕು ಗೆರೆ ಎಳೆದರೂ ಖಾಲಿ ಚೌಕಕ್ಕಿಂತ ಅದು ಮೇಲು.

ಆದರೆ ಖಾಲಿ ಚೌಕದ ಮೇಲೆ ಗೆದ್ದು ಏನು ಬಂತು? ಜ್ವರ ಬಂದು ಮಲಗಿ ಗೆದ್ದವನನ್ನು ಯಾರಾದರೂ ಚಂಡವೇಗ ಎನ್ನುತ್ತಾರಾ? ಮುನಿಲಕ್ಷ್ಮಮ್ಮನಿಗೆ ತನ್ನ ಉಪಾಯದ ಮೇಲೆ ಒಮ್ಮೆಲೇ ಹೇಸಿಗೆಯಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು.

“ನೋಡ್ಕೋ ಹಂಗಾದ್ರೆ,” ಎಂದು ಚೌಕದ ನಡುವೆ ಒಂದು ಚುಕ್ಕಿ ಇಟ್ಟರು.

ಚಿಕ್ಕ ಚೊಕ್ಕ ರಂಗೋಲಿ ಮರೆತೇ ಹೋಯಿತು. ಆ ರಸ್ತೆ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲ, ಚೌಕ ಬಿದ್ದ ಜಾಗ ಕಣ. ತೂರಿದ ರಾಗಿಯನ್ನು ರಾಶಿ ಮಾಡಿದ ಮೇಲೆ ಅತ್ತೆ ಹಿಡಿ ತುಂಬ ಬೂದಿ ತೆಗೆದುಕೊಂಡು, ಬಗ್ಗಿ ನಡೆಯುತ್ತಲೇ ರಾಶಿಯ ಸುತ್ತ ಗೆರೆ ಎಳೆಯುತ್ತಿದ್ದರು. ಮುನಿಲಕ್ಷ್ಮಮ್ಮ ಹಾಗೇ ಬಗ್ಗಿ ಸುತ್ತು ಬರತೊಡಗಿದರು. ಮಂಡಿ ಒಂದೊಂದು ಹೆಜ್ಜೆಗೂ ಕಟಕ್ಕೆನ್ನುತ್ತಿತ್ತು, ಗೆರೆ ಮಾತ್ರ ಕೊಂಕಲಿಲ್ಲ. ಒಂದು ಸುತ್ತಿನಲ್ಲಿ ಮೊರ, ಒಂದು ಸುತ್ತಿನಲ್ಲಿ ಕುಡುಗೋಲು, ಹೊರಗಿನ ಸುತ್ತಿನಲ್ಲಿ ನೊಗ ಹೊತ್ತ ಎತ್ತುಗಳು. ಬಣ್ಣ ಮುಟ್ಟಲಿಲ್ಲ. ನಡುವೆ ಇಟ್ಟ ಚುಕ್ಕಿಯನ್ನು ಕೊನೆಗೆ ಅಂಗೈಯಿಂದ ಒರೆಸಿ, ಅಷ್ಟಗಲ ಜಾಗ ಖಾಲಿ ಬಿಟ್ಟರು.

ಬೆನ್ನು ನೆಟ್ಟಗೆ ಮಾಡಿ ಎದುರಿಗೆ ನೋಡಿದಾಗ ಅವರಿಗೆ ಅಚ್ಚರಿಯಾಯಿತು. ಜಯದೇವಿ ಇವರಿಗೆ ಬೆನ್ನು ಹಾಕಿ ಕೂತಿದ್ದಳು. ಇತ್ತ ಕಣ್ಣು ಹೋಗಬಾರದೆಂದು ಮಣೆಯನ್ನೇ ತಿರುಗಿಸಿಕೊಂಡಿದ್ದಳು. ಕೈ ನಡುಗುತ್ತಿತ್ತು, ಪುಡಿ ಅಲ್ಲಲ್ಲಿ ಚೆಲ್ಲಿತ್ತು, ಆದರೂ ಗೆರೆ ಎಳೆಯುತ್ತಿದ್ದಳು. ಯಾರನ್ನೂ ನೋಡದೆ, ತನ್ನ ತಲೆಯಿಂದಲೇ, ಒಂದು ನವಿಲು. ಒಂದು ಕಾಲು ಗಿಡ್ಡ, ಕೊಕ್ಕು ಸೊಟ್ಟ. ಗರಿಗಳು ಚೌಕದ ಗೆರೆ ದಾಟಿ ರಸ್ತೆಗೆ ಹರಡಿದ್ದವು.

ಮತ್ತೆ ಸೀಟಿ ಕೇಳಿಸಿತು. ಭಾರ್ಗವ ಮೇಷ್ಟರು ಒಂದೊಂದೇ ಚೌಕ ನೋಡುತ್ತ ಬಂದು ಮುನಿಲಕ್ಷ್ಮಮ್ಮನದರ ಎದುರು ನಿಂತರು.

“ನಡುವೆ ಯಾಕಮ್ಮಾ ಖಾಲಿ?”

“ಅಲ್ಲಿ ರಾಶಿ ಇರ್ತದೆ ಸಾರ್. ನೀವು ನಿಂತಿರೋದು ನಮ್ಮ ಕಣ.”

ಮೇಷ್ಟರು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟರು. ಮುನಿಲಕ್ಷ್ಮಮ್ಮ ಸುತ್ತ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದರು, ಯಾರಾದರೂ ಇದನ್ನು ಕಾಣದೆ ಇದ್ದಾರೇನೋ ಎನ್ನುವಂತೆ.

ಮೊದಲ ಬಹುಮಾನ ಮುನಿಲಕ್ಷ್ಮಮ್ಮ, ಎರಡನೆಯದು ಜಯದೇವಿ. ಮೈಕಿನಲ್ಲಿ ಹೆಸರು ಕೇಳಿದಾಗ ಅವರು ಒಂದು ಸಲ ಸಾಲದೆಂದು ಮತ್ತೊಮ್ಮೆ ಕೂಗಿಸಿದರು. ಪ್ರಿಯಾಂಕಾ ಮಹಡಿಯಿಂದ ಶಿಳ್ಳೆ ಹಾಕಿದಳು. ಜಯದೇವಿ ಎಳ್ಳು ಬೆಲ್ಲ ತಂದು ಕೈಗಿಟ್ಟು, ಸೋತ ಮುಖ ಮುಚ್ಚಿಕೊಳ್ಳದೆ, “ಚೆನ್ನಾಗಿ ಹೊಡ್ದೆ,” ಎಂದಳು.

“ನೀನೂನೂವೆ,” ಎಂದರು ಮುನಿಲಕ್ಷ್ಮಮ್ಮ. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಕುಕ್ಕರು ಹೊತ್ತುಕೊಂಡು ದೀಪಕ್ ಮುಂದೆ ನಡೆದ. ಗೇಟಿನ ಹತ್ತಿರ ಮುನಿಲಕ್ಷ್ಮಮ್ಮ ನಿಂತು ಹಿಂದಿರುಗಿ ನೋಡಿದರು. ಜಯದೇವಿ ಇನ್ನೂ ರಸ್ತೆಯಲ್ಲೇ ಇದ್ದಳು, ಬಗ್ಗಿ, ಗಿಡ್ಡವಾದ ಆ ಕಾಲನ್ನು ಸರಿ ಮಾಡುತ್ತಿದ್ದಳು.

“ದೀಪು, ಆ ಡಾಕ್ಟ್ರಿಗೆ ಫೋನ್ ಮಾಡು. ಯಾವತ್ತು ಆಪರೇಷನ್ ಮಾಡ್ತಾರೆ ಕೇಳು. ಯುಗಾದಿ ಒಳಗೆ ಆಗ್ಬೇಕು ಅನ್ನು, ಮುಂದಿನ ಸಂಕ್ರಾಂತಿಗೆ ಮಂಡಿ ಬಗ್ಬೇಕು.”

ದೀಪಕ್ ಕುಕ್ಕರು ಕೆಳಗಿಟ್ಟ. “ಇದೇ ಕೊನೆ ಅಂದಿದ್ಯಲ್ಲ? ಗೆದ್ದೂ ಆಯ್ತಲ್ಲಮ್ಮ.”

“ನೀನು ಅವಳ ನವಿಲು ನೋಡ್ಲಿಲ್ವಾ?” ಎಂದರು ಮುನಿಲಕ್ಷ್ಮಮ್ಮ.