ಉಗುರುಬೆಚ್ಚಗಿನ ನೀರಿನ ಗುಳ್ಳೆಗಳು

ಫುಸಾನೊ ಅವರು ನಡೆಸುವ ಸಾರ್ವಜನಿಕ ಸ್ನಾನಗೃಹದ ನೀರು ಬೆಟ್ಟದ ಹೊಟ್ಟೆಯಿಂದ ಬರುವಾಗಲೇ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಬರುತ್ತದೆ. ಮುಳುಗಿ ಕೂತರೆ ಮೈತುಂಬ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಆದರೆ ನೀರು ಬರೀ ಉಗುರುಬೆಚ್ಚಗೆ. ಕಡಲತೀರದಿಂದ ಅವರ ಮನೆಗೆ ಸೊಸೆಯಾಗಿ ಬಂದ ಚಿನಾತ್ಸುವಿಗೆ, ಬಂದವರನ್ನು ಇಂಥ ನೀರಿಗೆ ಇಳಿಸುವುದೇ ನಾಚಿಕೆ ಅನ್ನಿಸುತ್ತಿತ್ತು.

ಅವತ್ತು ಹೊರಗೆ ಹಿಮ. ಬಾಗಿಲ ಮೇಲಿನ 'ಸಹಜ ಗುಳ್ಳೆ ನೀರು' ಎಂಬ ಹಲಗೆ ಇರಬೇಕೋ ಇಳಿಯಬೇಕೋ ಎಂದು ತೀರ್ಮಾನಿಸಲು ಬುಗ್ಗೆನೀರಿನ ಸ್ನಾನಗೃಹಗಳ ಸಂಘದ ಹಿರಿಯ ಕುರೋಗಿ ಬರುವವರಿದ್ದರು. ಅತ್ತೆಯ ಅಜ್ಜಿ ಕೈಯಾರೆ ಬರೆದ ಹಲಗೆ ಅದು. ಪಾಪ, ವಯಸ್ಸಾದವರು ನಡುಗಬಾರದಲ್ಲ ಎಂದು ಚಿನಾತ್ಸು ಬೆಳಿಗ್ಗೆಯೇ ಬಾಯ್ಲರ್ ಹಚ್ಚಿ ತೊಟ್ಟಿಯ ನೀರು ಕಾಯಿಸಿಬಿಟ್ಟಳು. ನೀರೇನೋ ಹದವಾಗಿ ಕಾಯಿತು, ಗ್ಯಾಸೆಲ್ಲ ಹಾರಿಹೋಗಿ ಒಂದೇ ಒಂದು ಗುಳ್ಳೆಯೂ ಉಳಿಯಲಿಲ್ಲ. ತವರಿಂದ ತಂದಿದ್ದ, ಗುಳ್ಳೆ ಬರಿಸುವ ಸ್ನಾನದ ಗುಳಿಗೆಗಳನ್ನು ಡಬ್ಬಿ ಸಮೇತ ಸುರಿದಳು. ನೀರು ಬುಸುಗುಟ್ಟಿತು ನಿಜ. ಜೊತೆಗೆ ಗಿಳಿಹಸಿರಾಗಿ, ಕಿತ್ತಳೆಯ ವಾಸನೆ ಹೊಡೆಯತೊಡಗಿತು.

ಅಷ್ಟರಲ್ಲಿ ಅತ್ತೆ, ಅವರ ಹಿಂದೆಯೇ ಕುರೋಗಿ ಒಳಬಂದರು.

"ಏನೇ ಇದು, ಶರಬತ್ತು ಮಾಡಿಟ್ಟಿದೀಯಾ?" ಎಂದರು ಫುಸಾನೊ.

"ಎರಡೂ ಒಂದೇ ಗ್ಯಾಸ್ ಅಲ್ವಾ ಅತ್ತೆ..."

"ಒಂದನ್ನ ಬೆಟ್ಟ ಕೊಡತ್ತೆ, ಇನ್ನೊಂದನ್ನ ಅಂಗಡಿಯವನು ಕೊಡ್ತಾನೆ ಕಣೇ!" ಎಂದವರೇ ಫುಸಾನೊ ಕುರೋಗಿಯತ್ತ ತಿರುಗಿದರು. "ಅರವತ್ತು ದಾಟ್ತು ನೋಡಿ, ಮರೆವು. ನಾನೇ ಹಾಕ್ಬಿಟ್ಟೆ."

ಆಗಷ್ಟೇ ಅವರು ಸೊಸೆಯನ್ನು ಬೈದದ್ದನ್ನು ಕುರೋಗಿ ಕಿವಿಯಾರೆ ಕೇಳಿದ್ದರು. ಚಿನಾತ್ಸುವಿಗೆ ಅಳು ಉಕ್ಕಿತು.

"ಇಲ್ಲ ಕುರೋಗಿಯವ್ರೇ, ನಾನೇ ಹಾಕಿದ್ದು. ನಿಮಗೆ ಚಳಿ ಆಗ್ಬಾರ್ದು ಅಂತ ನೀರು ಕಾಯಿಸ್ದೆ, ಗುಳ್ಳೆ ಹೋಯ್ತು. ದಯವಿಟ್ಟು ಹಲಗೆ ಇಳಿಸ್ಬೇಡಿ."

"ನಾನು ನೋಡೋಕೆ ಬಂದಿರೋದು ಬೆಟ್ಟದ ನೀರನ್ನ," ಎಂದರು ಕುರೋಗಿ. "ತೊಟ್ಟಿ ಖಾಲಿ ಮಾಡಮ್ಮ. ಕಾಯ್ತೀನಿ."

ಕಿತ್ತಳೆ ವಾಸನೆ ಹೋಗುವವರೆಗೂ ಚಿನಾತ್ಸು ತೊಟ್ಟಿ ಉಜ್ಜಿದಳು. ಹೊಸ ನೀರು ತುಂಬಲು ಎರಡು ಗಂಟೆ ಹಿಡಿಯಿತು. ಕುರೋಗಿ ಇಳಿದರು. ಪರದೆಯಾಚೆ ಅತ್ತೆ ಸೊಸೆ ಕಿವಿಗೊಟ್ಟು ನಿಂತರು.

"ಅಬ್ಬಾ, ಮೀಸೆಗೂ ಗುಳ್ಳೆ!" ಒಳಗಿಂದ ಕೂಗು ಬಂತು. "ಹಲಗೆ ಇರ್ಲಿ!"

ಚಿನಾತ್ಸು ಅಲ್ಲೇ ನೆಲದ ಮೇಲೆ ಕೂತಳು. ಆದರೆ ಅರ್ಧ ಗಂಟೆಯಾದರೂ ಕುರೋಗಿ ಹೊರಬರಲಿಲ್ಲ.

"ಆರಾಮಾಗಿದೀರಾ?" ಎಂದು ಫುಸಾನೊ ಕೂಗಿದರು.

"ಒಳಗಿರೋವರೆಗೂ ಸ್ವರ್ಗ ಕಣ್ರೀ. ಎದ್ರೆ ಚಳಿಗೆ ಸತ್ತೇ ಹೋಗ್ತೀನಿ!"

ಫುಸಾನೊ ಬಿದ್ದು ಬಿದ್ದು ನಕ್ಕು, ಸೊಸೆಯ ಭುಜ ತಟ್ಟಿದರು. "ಇನ್ನೇನು ನೋಡ್ತಾ ಕೂತಿದೀಯಾ, ಬಾಯ್ಲರ್ ಹಚ್ಚು! ನೀರಿಗಲ್ಲ ಮಾರಾಯ್ತಿ, ಬಟ್ಟೆ ಬದಲಾಯಿಸೋ ಕೋಣೆಗೆ. ನಲವತ್ತು ವರ್ಷದಿಂದ ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ ನೋಡು."