ಕೆರೆ ಗೊತ್ತಿದ್ದವರು ಬೇಕಾಗಿದ್ದಾರೆ

ಆ ವರ್ಷ ಚಿಲ್ವಾ ಸರೋವರ ಮತ್ತೆ ಬತ್ತಿತು. ದೋಣಿಗಳು ಕೆಸರಿನಲ್ಲಿ ಹೂತವು. ಬಿನ್‌ವೆಲ್ ಬಲೆ ಮಡಚಿಟ್ಟು, ಹೆಂಡತಿ ಎನಿಫಾಳೊಂದಿಗೆ ಜೊಂಬಾ ಪಟ್ಟಣ ಸೇರಿದ. ಎನಿಫಾ ವಿಶ್ವವಿದ್ಯಾಲಯದ ಗೇಟಿನೆದುರು ಮಂದಾಸಿ ಎಂಬ ಹಿಟ್ಟಿನ ಉಂಡೆಗಳನ್ನು ಕರಿದು ಮಾರತೊಡಗಿದಳು. ಎಣ್ಣೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು, ಸಂಜೆಗೆ ಸೊಂಟ ಬಿದ್ದುಹೋಗುತ್ತಿತ್ತು.

ಒಳಗೆ ಸಸಿಮನೆಯಲ್ಲಿ ಕೆಲಸ ಮಾಡುವ ಅವಳೂರಿನ ಫಲೇಸಿ ಒಂದು ಬೆಳಿಗ್ಗೆ ಬಂದಳು.

"ಗೇಟಿನ ನೋಟೀಸು ಬೋರ್ಡು ನೋಡಿದೆಯೇನೇ? ಮೀನಿನ ಸಂಶೋಧನೆಗೆ ಜನ ಬೇಕಂತೆ."

"ಪ್ರೊಫೆಸರಾಗೋ ವಯಸ್ಸು ದಾಟಿತು ಕಣಕ್ಕ. ಮಂದಾಸಿ ತಿನ್ನು, ಆರಿಹೋಗುತ್ತೆ."

"ಒಳಗಿರೋರೆಲ್ಲ ಪ್ರೊಫೆಸರುಗಳಾ? ನಾನು ಸಸಿ ಅಳೆದು ಬರೀತೀನಿ. ಡ್ರೈವರಿದ್ದಾನೆ, ಪುಸ್ತಕ ಜೋಡಿಸೋರಿದ್ದಾರೆ. ಈ ಕೆಲಸಕ್ಕೆ ಹೈಸ್ಕೂಲು ಮುಗಿಸಿದ್ರೆ ಸಾಕು, ನೀನು ಮುಗಿಸಿದ್ದೀಯ. ನಮ್ಮ ಲೊಮ್ವೆ ಮಾತು ಬರಬೇಕು, ಕೆರೆ ಗೊತ್ತಿರಬೇಕು. ಮೀನುಗಾರರನ್ನ ಮಾತಾಡಿಸಿ ಬರೆದುಕೊಂಡು ಬರೋದು."

"ಯಾರಿಗೋ ಆಗಲೇ ಕೊಟ್ಟಿರ್ತಾರೆ ಬಿಡು."

"ಒಂಬತ್ತು ತಿಂಗಳಿಂದ ಬೋರ್ಡಿನೆದುರೇ ಕೂತಿದ್ದೀಯ. ಒಂದು ದಿನ ಓದಿದ್ದೀಯಾ?"

ಎನಿಫಾ ಬೋರ್ಡಿನತ್ತ ತಿರುಗಿ ನೋಡಿದಳು. ಓದಿರಲಿಲ್ಲ.

ಸಂಜೆ ಫಲೇಸಿ ಮನೆಗೂ ಬಂದಳು. ಬಿನ್‌ವೆಲ್ ವಿಷಯ ಕೇಳಿ ಮುಖ ಕಿವುಚಿದ. "ನಿನ್ನನ್ನ ಯಾರು ಕರೀತಾರೆ? ಬಸ್‌ಸ್ಟ್ಯಾಂಡಲ್ಲಿ ಒಬ್ಬ ಇದ್ದಾನೆ, ಕೈ ಬೆಚ್ಚಗೆ ಮಾಡಿದ್ರೆ ಮಾತ್ರ ಕೆಲಸವಂತೆ."

"ಹಾಗಂದೋನು ಕಳ್ಳ ಕಣಪ್ಪ" ಎಂದಳು ಫಲೇಸಿ. "ಅರ್ಜಿ ಆಫೀಸಿಗೇ ಕೊಡೋದು. ಮಧ್ಯ ಯಾರೂ ಇಲ್ಲ."

ಎನಿಫಾ ಅರ್ಜಿ ಬರೆದಳು. ಸಂದರ್ಶನಕ್ಕೆ ಕರೆ ಬಂತು. ಐದು ಜನರೆದುರು ಹೆದರಿ, ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ" ಎಂದು ಬಂದಳು. ಕೆಲಸ ಸಿಗಲಿಲ್ಲ.

"ಸಾಕಾಯ್ತಕ್ಕ, ಇನ್ನು ನನ್ನ ಕೈಲಾಗಲ್ಲ" ಎಂದು ಒಲೆಯ ಮುಂದೆ ಕುಸಿದು ಕೂತಳು.

"ಯಾಕೆ ಸಿಗಲಿಲ್ಲ ಅಂತ ಕೇಳಿದೆಯಾ?"

"ಅದನ್ನ ಕೇಳಬಹುದಾ?"

ಫಲೇಸಿ ಅವಳನ್ನು ಎಬ್ಬಿಸಿ ಆಫೀಸಿಗೆ ಕರೆದೊಯ್ದಳು. ಅಲ್ಲಿನ ಅಧಿಕಾರಿ ಅರ್ಜಿ ತಿರುವಿಹಾಕಿ ಕೇಳಿದಳು: "ಅಮ್ಮ, ಸರೋವರದ ಹತ್ತಿರ ಏನು ಮಾಡ್ತಿದ್ರಿ?"

"ಹದಿನಾಲ್ಕು ವರ್ಷ ಮೀನು ಒಣಗಿಸಿ ಮಾರಿದೆ. ಯಾವ ದಂಡೆಯಲ್ಲಿ ಯಾವ ಮೀನು, ಯಾವಾಗ ಕಮ್ಮಿಯಾಯ್ತು, ಎಲ್ಲಾ ಗೊತ್ತು."

"ಇಲ್ಲಿ ಅದೊಂದೂ ಬರೆದಿಲ್ಲವಲ್ಲ!"

"ಮೀನು ಒಣಗಿಸೋದನ್ನೂ ಬರೀಬೇಕಾ?"

"ನಮಗೆ ಬೇಕಾಗಿರೋದೇ ಅದು."

ಮೂರು ತಿಂಗಳ ಮೇಲೆ ಅದೇ ಕೆಲಸಕ್ಕೆ ಇನ್ನೊಂದು ಜಾಗ ಖಾಲಿಯಾಯಿತು. ಈ ಸಲ ಎನಿಫಾ ಎಲ್ಲವನ್ನೂ ಬರೆದಳು, ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಹೇಳಿದಳು. ಒಂದು ವರ್ಷದ ಕೆಲಸದ ಪತ್ರ ಕೈಗೆ ಬಂತು. ಅವಳಿಗೆ ಕುಣಿಯುವ ಶಕ್ತಿಯಿರಲಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಒರಗಿದಳು.

ಬಿನ್‌ವೆಲ್ ಪತ್ರವನ್ನು ಎರಡು ಸಲ ಓದಿದ. ಅದನ್ನು ಮಡಚಿಟ್ಟು ಮೆಲ್ಲಗೆ ಕೇಳಿದ: "ನೀರು ತುಂಬಿದ ಮೇಲೆ ಅವರಿಗೆ ದೋಣಿ ನಡೆಸೋರು ಬೇಕಾಗ್ತಾರಾ?"

"ನನ್ನನ್ಯಾಕೆ ಕೇಳ್ತೀಯ? ಬೆಳಿಗ್ಗೆ ಹೋಗಿ ಬೋರ್ಡು ಓದು."

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದಣಿದಿದ್ದೀರಿ, ಗೊತ್ತು. ಆದರೂ ನಿಮ್ಮ ಹತ್ತಿರದ ವಿಶ್ವವಿದ್ಯಾಲಯದ ಬೋರ್ಡನ್ನು ಕೊನೆಯ ಸಾಲಿನವರೆಗೆ ಓದಿ. ಅರ್ಥವಾಗದಿದ್ದರೆ ಒಳಗೆ ಹೋಗಿ ಕೇಳಿ. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವರಿಂದ ದೂರವಿರಿ. ನಿಮ್ಮ ಕೈ ಕಲಿತದ್ದನ್ನೆಲ್ಲ ಅರ್ಜಿಯಲ್ಲಿ ನಾಚದೆ ಬರೆಯಿರಿ.